ಬೆಟ್ಟದ ಮನೆಗೆ ಇನ್ನೊಂದು ಸಹಿ

ಒನೊಮಿಚಿ, ಜಪಾನ್
ನವೆಂಬರ್ 9, ಗುರುವಾರ

ಪ್ರೀತಿಯ ಅಶಾನ್,

ಹೇಗಿದ್ದೀಯ? ಎಂಜಿನ್ ರೂಮಿನ ಕಾವಿಗೆ ಬೆನ್ನಿನ ಬೆವರುಸಾಲೆ ಮತ್ತೆ ಎದ್ದಿದೆಯೇ? ಬಿಪಿ ಮಾತ್ರೆ ಮರೆಯಬೇಡ, ಅಡುಗೆಯವನು ಕೊಟ್ಟನೆಂದು ಉಪ್ಪುಮೀನನ್ನೆಲ್ಲ ಖಾಲಿ ಮಾಡಬೇಡ. ನಾನು ಚೆನ್ನಾಗಿದ್ದೇನೆ, ಇಲ್ಲಿನ ಮೆಟ್ಟಿಲು ಹತ್ತಿಳಿದು ಮಂಡಿ ಮಾತ್ರ ನೋಯುತ್ತಿದೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಅರ್ಧ ಕೇಳುವುದರೊಳಗೆ "ಸರಿ ಸರಿ, ನಿಂಗೆ ಹೆಂಗೆ ಬೇಕೋ ಹಂಗೆ ಮಾಡು" ಅಂದುಬಿಡುತ್ತೀಯ. ಅದಕ್ಕೇ ಹಡಗು ಸಿಂಗಪುರ ಮುಟ್ಟುವ ಹೊತ್ತಿಗೆ ಸಿಗುವಂತೆ ಕಾಗದ ಬರೆಯುತ್ತಿದ್ದೇನೆ.

ನೀನು ಹಡಗು ಬಿಟ್ಟ ಮೇಲೆ ಇಬ್ಬರೂ ಇರೋಣವೆಂದುಕೊಂಡ ಈ ಬೆಟ್ಟದ ಮನೆ ಇನ್ನೂ ನಮ್ಮದಾಗಿಲ್ಲ. ಗಾಬರಿಯಾಗಬೇಡ, ಪೂರ್ತಿ ಓದು. ನಾನು ಬಂದ ಮರುದಿನವೇ ದಲ್ಲಾಳಿ ಕರಾರುಪತ್ರ ಹಿಡಿದು ಹೋಟೆಲಿಗೆ ಬಂದಿದ್ದ. ಮನೆ ಮಾರುವ ಹೊರಿಗುಚಿ ಅಜ್ಜ ಅವನ ಪಕ್ಕದಲ್ಲೇ ತಲೆ ತಗ್ಗಿಸಿ ಕೂತಿದ್ದರು. "ಬೇರೆಯವ್ರೂ ಕೇಳ್ತಿದ್ದಾರೆ ಮೇಡಂ, ಇವತ್ತೇ ಮುಂಗಡ ಕೊಟ್ಟು ಸಹಿಯ ಮುದ್ರೆ ಒತ್ತಿಬಿಡಿ, ಮಿಕ್ಕ ಕಾಗದ ಆಮೇಲೆ ಬರುತ್ತೆ" ಎಂದ. ಇಪ್ಪತ್ತು ವರ್ಷ ಜಪಾನಿ ಪ್ರವಾಸಿಗರನ್ನು ನಮ್ಮೂರು ತೈನಾನಿನ ಗುಡಿಗಳಿಗೆಲ್ಲ ಸುತ್ತಿಸಿದವಳು ನಾನು, ಮಾತಾಡುವ ಜಪಾನಿ ನನಗೆ ನೀರು ಕುಡಿದಷ್ಟು ಸುಲಭ. ಆದರೆ ಆ ಕಾಗದದ ಜಪಾನಿ ಒಂದು ಸಾಲೂ ತಲೆಗೆ ಹೋಗಲಿಲ್ಲ. ಮುದ್ರೆಯನ್ನು ಚೀಲಕ್ಕೆ ಹಾಕಿ ಜಿಪ್ ಎಳೆದೆ. ಪತ್ರ ನೋಡಿಸಲು ದಲ್ಲಾಳಿ ಹೇಳಿದವರನ್ನು ಬಿಟ್ಟು, ನಾನೇ ಊರಲ್ಲಿ ವಿಚಾರಿಸಿ ಒಕಾಬೆ ಎಂಬ ಹೆಂಗಸಿನ ಬಳಿ ಹೋದೆ. ಆಸ್ತಿ ಪತ್ರ ನೋಡಿ ನೋಂದಣಿ ಮಾಡಿಸಿಕೊಡುವುದೇ ಅವಳ ಕಸುಬು. ಒರಟು ಮಾತು, ಒಳ್ಳೆಯ ಮನಸ್ಸು. ನೋಂದಣಿ ಕಚೇರಿಯಿಂದ ನಕಲು ತೆಗೆಸಿ ಎರಡು ಸಲ ಓದಿ, "ಈ ಮನೆ ಇನ್ನೂ ಸತ್ತವರ ಹೆಸ್ರಲ್ಲಿದೆ. ನೀವು ಕೊಟ್ಟ ದುಡ್ಡು ತಗೊಂಡು ಆತ್ಮ ಬಂದು ಸಹಿ ಹಾಕುತ್ತಾ?" ಎಂದಳು.

ಆಗಿದ್ದು ಇಷ್ಟು. ಹೊರಿಗುಚಿ ಅಜ್ಜನ ತಂದೆ ತೀರಿಕೊಂಡು ಮೂವತ್ತು ವರ್ಷವಾದರೂ ಮನೆ ಅವರ ಹೆಸರಿನಲ್ಲೇ ಉಳಿದಿದೆ. ಅಜ್ಜನಿಗೆ ಒಬ್ಬಳು ಅಕ್ಕ, ಫುಮಿ ಎಂದು, ಎಂಬತ್ತೊಂದು ವರ್ಷ. ಕಾನೂನಿನಲ್ಲಿ ಅರ್ಧ ಮನೆ ಅವಳದು. ಅವಳ ಸಹಿ ಇಲ್ಲದೆ ನಾವು ಕೊಂಡಿದ್ದರೆ ಕೈಗೆ ಬರುತ್ತಿದ್ದದ್ದು ಮನೆಯಲ್ಲ, ಕೋರ್ಟಿನ ಅಲೆದಾಟ. ಕೇಳಿದರೆ ಅಜ್ಜ, "ಮದುವೆಯಾಗಿ ಹೋದವಳು, ಅವಳಿಗೇನು ಕೆಲಸ ಇಲ್ಲಿ" ಎಂದರು. ಇದೇ ಮಾತನ್ನು ತಂದೆಯ ಶವದ ಮುಂದೆಯೂ ಆಡಿದ್ದರಂತೆ. ಅಂದಿನಿಂದ ಅಕ್ಕ ಈ ಬೆಟ್ಟ ಹತ್ತಿಲ್ಲ.

ಒಕಾಬೆ ಮತ್ತು ನಾನು ದೋಣಿ ಹತ್ತಿ ಎದುರಿನ ದ್ವೀಪದ ವೃದ್ಧಾಶ್ರಮಕ್ಕೆ ಹೋದೆವು. ಅಜ್ಜನ ಅಕ್ಕ ಫುಮಿಸಾನ್ ಕಿಟಕಿಯ ಹತ್ತಿರ ಕೂತು ಕಿತ್ತಳೆ ಸುಲಿಯುತ್ತಿದ್ದಳು. ಮೊದಲು ನನ್ನ ಕೈಗೆ ನಾಲ್ಕು ತೊಳೆ ಇಟ್ಟಳು, ಆಮೇಲೆ ವಿಷಯ ಕೇಳಿದಳು. "ನಂಗೆ ಪಾಲೂ ಬೇಡ ಗೀಲೂ ಬೇಡ. ನಾನಿನ್ನೂ ಸತ್ತಿಲ್ಲ ಅಂತ ಅವನಿಗೆ ಹೇಳಿ. ಬೇಕಾದ್ರೆ ಅವನೇ ಬಂದು ಕೇಳ್ಲಿ" ಎಂದಳು. ಸಹಿಗಾಗಿ ಹೋದವಳು ನಾನು. ಆದರೆ ಆ ಗಳಿಗೆಯಲ್ಲಿ ಅವಳು ಸಹಿ ಹಾಕದೆ ಇದ್ದರೂ ಸರಿಯೇ ಅನ್ನಿಸಿತು.

ದಲ್ಲಾಳಿ ಬೇಸತ್ತು ಬೇರೆ ಮನೆ ತೋರಿಸುತ್ತೇನೆಂದ. ನಾನು ಹೂಂ ಅನ್ನಲಿಲ್ಲ. ಒಂಬತ್ತು ದಿನ ಹೊರಿಗುಚಿ ಅಜ್ಜನ ಬಾಗಿಲಿಗೆ ಹೋಗಿ ಚಹಾ ಕುಡಿದು ಬಂದೆ. ಹತ್ತನೆಯ ದಿನ ಅವರೇ ಕೋಟು ಹಾಕಿಕೊಂಡು ದೋಣಿಯ ಜೆಟ್ಟಿಯಲ್ಲಿ ನಿಂತಿದ್ದರು. ಆಶ್ರಮದಲ್ಲಿ ಅಕ್ಕನ ಮುಂದೆ ಮಂಡಿಯೂರಿ ಹಣೆ ನೆಲಕ್ಕೆ ಮುಟ್ಟಿಸಿದರು. ಫುಮಿಸಾನ್ ಬಗ್ಗಿ ಅವರ ಹೆಗಲು ಹಿಡಿದಳು. "ಏಳೋ, ಎಷ್ಟು ಸೊರಗಿದೀಯ. ಊಟ ಆಯ್ತಾ?" ಎಂದಳು. ನಾನು ಹೊರಗೆ ಬಂದು ಮೂಗು ಒರೆಸಿಕೊಂಡೆ. ಒಕಾಬೆಯೂ ಮೂಗು ಒರೆಸುತ್ತ ತನಗೆ ಶೀತ ಎಂದಳು.

ಈಗ ಇಬ್ಬರೂ ಸೇರಿ ಮನೆಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳುತ್ತಿದ್ದಾರೆ, ಬಂದ ಹಣ ಸಮಪಾಲು. ಫುಮಿಸಾನ್ ಬೇಡವೆಂದರೂ ಅಜ್ಜ ಕೇಳಲಿಲ್ಲ. ದಾರಿ ಕಿರಿದಾಗಿರುವುದರಿಂದ ಮನೆ ಕೆಡವಿದರೆ ಮತ್ತೆ ಕಟ್ಟಲು ಅನುಮತಿ ಸಿಗುವುದಿಲ್ಲವಂತೆ. ಇದನ್ನೂ ಒಕಾಬೆ ದಲ್ಲಾಳಿಯಿಂದ ಬರೆಸಿಕೊಂಡಳು. ಇರಲಿ, ಕೆಡವುವವರು ಯಾರು? ಅಡುಗೆಮನೆಯ ನೆಲ ಗೆದ್ದಲು ಹಿಡಿದಿದೆ, ಅಷ್ಟನ್ನು ಬದಲಿಸಿದರೆ ಸಾಕು. ಮಹಡಿಯಿಂದ ಹಡಗುಗಳು ಕಾಣುತ್ತವೆ. ನೀನು ಅವುಗಳ ಎಂಜಿನ್ನಿನ ಸದ್ದು ಕೇಳಿ ಕುಂದು ಹುಡುಕುತ್ತ ಕೂರಬಹುದು.

ಗಾಳಿಗೆ ತಲೆ ಒಡ್ಡಬೇಡ, ಉಣ್ಣೆ ಟೋಪಿ ಹಾಕಿಕೋ. ಹಡಗಿನವರಿಗೆಲ್ಲ ನನ್ನ ನೆನಪು ಹೇಳು.

ನಿನ್ನವಳೇ,
ಯೂಛಿನ್

ತಾ.ಕ.: ಅಂಚೆ ಕಚೇರಿ ಮುಚ್ಚುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಕಂಪನಿ ನಿನ್ನನ್ನು ಇನ್ನೂ ಆರು ತಿಂಗಳು ಇರು ಎಂದು ಕೇಳಿರುವುದು ನನಗೆ ಗೊತ್ತು. ನೀನು ಹೇಳಲಿಲ್ಲ, ಕ್ಯಾಪ್ಟನ್ನನ ಹೆಂಡತಿ ಹೇಳಿದಳು. ನನ್ನೊಬ್ಬಳ ಹೆಸರಿಗೆ ಬರೆಸಿದರೆ ಕೆಲಸ ಬೇಗ ಮುಗಿಯುತ್ತದೆ ಎಂದು ದಲ್ಲಾಳಿ ಹೇಳಿದ. ನಾನು ಒಪ್ಪಲಿಲ್ಲ, ಇಬ್ಬರ ಹೆಸರಿಗೂ ಎಂದೆ. ಅದಕ್ಕೆ ನೀನು ತೈನಾನಿಗೆ ಬಂದು ನೋಟರಿಯ ಮುಂದೆ ಖುದ್ದಾಗಿ ನಿಂತು ಸಹಿ ಹಾಕಬೇಕು. ಜನವರಿ ಇಪ್ಪತ್ತರವರೆಗೆ ಗಡುವು ಕೇಳಿ ಪಡೆದಿದ್ದೇನೆ. ಆ ಆರು ತಿಂಗಳ ಕಾಗದಕ್ಕೆ ಸಹಿ ಹಾಕಬೇಡ ಅಶಾನ್. ಮನೆಗೆ ಬಾ.