ಕಲೆ ಹೋದ ಮೇಲೆ

ಲಾಂಡ್ರಿಯ ಹಿಂದಿನ ಕೋಣೆ,
ಜೂನ್ ೧೪, ಮಧ್ಯಾಹ್ನ

ಪ್ರೀತಿಯ ಮೊಂಡೀ,

ನಿನ್ನ ಮಂಡಿನೋವು ಹೇಗಿದೆ? ಮೆಟ್ಟಿಲು ಹತ್ತಬೇಡ ಎಂದರೆ ಬೇಕೆಂದೇ ಹತ್ತುವವಳು ನೀನು. ನನ್ನ ಗಾಯ ಒಣಗಿದೆ. ಕೆಮ್ಮಿದರೆ ಮಾತ್ರ ಹೊಟ್ಟೆ ಹಿಡಿದುಕೊಳ್ಳಬೇಕು. ಗರ್ಭಕೋಶ ತೆಗೆದು ತಿಂಗಳಾಯಿತು. ಅದರೊಳಗಿದ್ದ ಕ್ಯಾನ್ಸರ್ ಬಹಳ ಅಪರೂಪದ್ದಂತೆ. ಹಾಗೆನ್ನುವಾಗ ಡಾಕ್ಟರ ಮುಖದಲ್ಲಿ ಅಭಿನಂದನೆಯಂಥದೇನೋ ಇತ್ತು. ನಿನ್ನ ಭಾವನಿಗಂತೂ ಈ ‘ಅಪರೂಪ’ ಬಹಳ ಹಿಡಿಸಿದೆ. ಹೆಂಡತಿ ಪರೀಕ್ಷೆಯಲ್ಲಿ ಮೊದಲು ಬಂದಳೋ ಎಂಬಂತೆ ಕಂಡವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಾರೆ.

ಈಗಿನ ಪ್ರಶ್ನೆ ರೇಡಿಯೇಷನ್. ಕಣ್ಣಿಗೆ ಕಾಣುವುದೆಲ್ಲ ಹೋಗಿದೆ. ರೇಡಿಯೇಷನ್ ಕೊಟ್ಟರೆ ಅದೇ ಜಾಗದಲ್ಲಿ ಮತ್ತೆ ಹುಟ್ಟುವುದು ತಪ್ಪಬಹುದು. ಆಯಸ್ಸು ಹೆಚ್ಚುತ್ತದೆ ಎನ್ನುವಂತಿಲ್ಲ. ಕರುಳಿಗೆ, ಮೂತ್ರಕೋಶಕ್ಕೆ ಪೆಟ್ಟು ಬೀಳಲೂಬಹುದು. ಈ ಕಾಯಿಲೆ ಬಂದವರೇ ಕಡಿಮೆ, ಹಾಗಾಗಿ ಖಚಿತವಾಗಿ ಬಲ್ಲವರೂ ಕಡಿಮೆ. ಇಷ್ಟು ಹೇಳಿದ ಡಾಕ್ಟರು ಪೆನ್ನಿಗೆ ಮುಚ್ಚಳ ಹಾಕಿ, “ನೋಡಿಮ್ಮ, ನಿಮ್ಮಿಷ್ಟ” ಎಂದರು. ಆ ದನಿ ನನಗೆ ಗೊತ್ತು. ಹಳೆಯ ರೇಷ್ಮೆ ಕೌಂಟರಿಗೆ ಬಂದಾಗ ನಾನೂ ಅದೇ ದನಿ ತೆಗೆಯುತ್ತೇನೆ: “ಕಲೆ ಹೋಗಬಹುದು, ಬಟ್ಟೇನೂ ಹೋಗಬಹುದು, ನಿಮ್ಮಿಷ್ಟ.” ಆಮೇಲೆ ಹರಿದರೆ ಅದು ಗಿರಾಕಿಯ ಇಷ್ಟ.

ಮನೆಯಲ್ಲಿ ಸಭೆ ಸೇರಿತು. ದೊಡ್ಡ ನಾದಿನಿ, “ಮಾಯ್ದ ಗಾಯಕ್ಕೆ ಬೆಂಕಿ ಇಡಿಸ್ಕೊಳ್ತೀಯೇನೇ?” ಎಂದರು. ಅವರ ಗಂಡ, ಆ ಗಣಿತದ ಮೇಷ್ಟ್ರು, “ಸುಮ್ನೆ ಕಿತ್ತಾಟ ಯಾಕೆ, ಕೈ ಎತ್ತಿ” ಎಂದರು. ತಮಾಷೆಗಲ್ಲ, ಎಣಿಸಿಯೂ ಎಣಿಸಿದರು. ಎರಡೂ ಕಡೆ ಸಮ. ನನ್ನ ಕೈಗಳಲ್ಲಿ ಚಹಾದ ತಟ್ಟೆ ಇತ್ತು, ಲೆಕ್ಕಕ್ಕೆ ಸಿಗಲಿಲ್ಲ. ನಿನ್ನ ಭಾವ ಕೈ ಚಾಚಿದ್ದು ಬಿಸ್ಕತ್ತಿಗೆ. ಎಲ್ಲರೂ ಎದ್ದುಹೋದ ಮೇಲೆ, “ನಿನ್ನ ದೇಹ, ನಿನ್ನಿಷ್ಟ” ಎಂದರು. ಎಂಥ ಉದಾರಿ! ಇಷ್ಟು ವರ್ಷ ಕಿಟಕಿಯ ಪರದೆಯ ಬಣ್ಣವನ್ನೂ ನನ್ನಿಷ್ಟಕ್ಕೆ ಬಿಡದವರು. ಅಷ್ಟರಲ್ಲಿ ನಿನ್ನ ಸಂದೇಶ: “ಅಕ್ಕಾ, ನಿನ್ನಿಷ್ಟಾನೇ ನನ್ನಿಷ್ಟ.” ಥೂ, ನೀನೂನಾ? ಮೊಂಡಿ ಎಂಬ ಹೆಸರಿನ ಮಾನವಾದರೂ ಉಳಿಸಬಾರದಿತ್ತೇ?

ಗಿರಾಕಿಗಳಲ್ಲೆಲ್ಲ ನನಗೆ ತೀರಾ ತಾತ್ಸಾರವಿರುವುದು ಒಂದು ಥರದವರ ಮೇಲೆ. ಕಲೆ ಪೂರ್ತಿ ಹೋಗಿರುತ್ತದೆ. ಬೆಳಕಿಗೆ ಹಿಡಿದು ತೋರಿಸಿದರೂ ನಂಬುವುದಿಲ್ಲ. ಅದಿದ್ದ ಜಾಗವನ್ನು ಹೆಬ್ಬೆರಳಿನಿಂದ ತಿಕ್ಕುತ್ತಾ, “ಯಾವುದಕ್ಕೂ ಇನ್ನೊಂದ್ಸಲ ಒಗೀರಿ” ಎನ್ನುತ್ತಾರೆ. ಇಲ್ಲದ ಕಲೆಯ ಭಯಕ್ಕೆ ಇರುವ ಬಟ್ಟೆಯನ್ನು ಸವೆಸುವವರು. ಅವರು ಬೆನ್ನು ತಿರುಗಿಸಿದೊಡನೆ ನಗುತ್ತೇನೆ. ಹೊಟ್ಟೆ ಬಟ್ಟೆಯಲ್ಲ, ಅಷ್ಟು ನನಗೂ ಗೊತ್ತು. ಆದರೂ ರಾತ್ರಿಯೂಟಕ್ಕೆ ಕೂತಾಗ ಆ ನಗು ನೆನಪಾಗುತ್ತದೆ.

ಇಸ್ತ್ರಿ ಕಾದಿದೆ, ಏಳಬೇಕು. ಮಕ್ಕಳಿಗೆ ಮುತ್ತು, ನಿನ್ನ ಮಂಡಿಗೆ ಬೈಗುಳ.

ನಿನ್ನ
ಅಕ್ಕ

ತಾ.ಕ.: ನಿನ್ನೆ ಒಬ್ಬಳೇ ಆಸ್ಪತ್ರೆಗೆ ಹೋಗಿದ್ದೆ. ಬೇಡ ಎಂದು ಹೇಳಿ ಬರಲೆಂದೇ ಹೊರಟದ್ದು. ಡಾಕ್ಟರ ಎದುರು ಕೂತಾಗ ನೋಡುತ್ತೇನೆ, ನನ್ನ ಹೆಬ್ಬೆರಳು ಹೊಲಿಗೆ ಇದ್ದ ಜಾಗವನ್ನು ತಿಕ್ಕುತ್ತಿದೆ. “ಕೊಟ್ಬಿಡಿ” ಎಂದೆ. ಸೋಮವಾರ ಶುರು. ಇಲ್ಲಿ ಯಾರಿಗೂ ಹೇಳಿಲ್ಲ. ನೀನು ಬಂದು ಹೊರಗಿನ ಬೆಂಚಿನ ಮೇಲೆ ಕೂತಿರು. ನಿನ್ನಿಷ್ಟ ಕೇಳುತ್ತಿಲ್ಲ, ಬಾ.