ಕೌದಿಗೆ ಅರಗದ ಅಂಗಿ

ಹೆಬ್ಬಗೋಡಿ
ಮಂಗಳವಾರ

ಅಕ್ಕ ಮಹಾನಂದಾ,

ನಿನ್ನ ತಂಗಿಯ ನಮಸ್ಕಾರ. ಫೋನಿನಲ್ಲಿ ನೀನೊಬ್ಬಳೇ ಮಾತಾಡಿ ಇಟ್ಟುಬಿಡುತ್ತೀ. ಅದಕ್ಕೇ ಈ ಕಾಗದ.

ಬರುವ ಭಾನುವಾರ ಭಾಗ್ಯಶ್ರೀಯನ್ನು ನೋಡಲು ಗಂಡಿನವರು ಬರುತ್ತಾರೆ, ಶನಿವಾರವೇ ಬಸ್ಸು ಹತ್ತಿಸು ಎಂದೆಯಲ್ಲ ನೀನು. ಹತ್ತಿಸುವುದಿಲ್ಲ. ಅದೇ ಭಾನುವಾರ ನಿನ್ನ ಮಗಳಿಗೆ ಜೂಡೊ ಹಳದಿ ಬೆಲ್ಟಿನ ಪರೀಕ್ಷೆ ಇದೆ. ಕಲಿಸಿದವಳು ನಾನು.

"ಮತ್ತ ಆ ಹುಚ್ಚು ಹಿಡೀತೇನು ನಿನಗ?" ಎಂದೆಯಲ್ಲ. ಹೇಗೆ ಹಿಡಿಯಿತೆಂದು ಹೇಳುತ್ತೇನೆ, ಹೂಂಗುಡುತ್ತ ಕೇಳು.

ನನ್ನ ಮದುವೆ ಗೊತ್ತಾದಾಗ, ಬೆಳಗಾವಿಯ ಕ್ರೀಡಾ ಹಾಸ್ಟೆಲಿನಿಂದ ತಂದಿದ್ದ ನನ್ನ ಜೂಡೊ ಅಂಗಿ ಕಾಣೆಯಾಯಿತು. ಕೇಳಿದರೆ, "ಮಂದಿನ್ನ ಎತ್ತಿ ಒಗಿಯಾಕಿ ಅಂತ ಹೆಸರಾದರ ಸಂಸಾರ ನಡೀತದೇನು?" ಎಂದು ನೀನು ಬೈದೆ. ಮದುವೆಗೆ ಹಳೆ ಸೀರೆಗಳ ಕೌದಿಯನ್ನು ನೀನೇ ಹೊಲಿದು ಕೊಟ್ಟೆ. ಕೌದಿ ಹಸಿದಿರಬಾರದೆಂದು, ಅವ್ವ ಮಾಡುತ್ತಿದ್ದ ಹಾಗೆಯೇ ಕೊನೆಯ ಹೊಲಿಗೆಗೆ ಮುಂಚೆ ಒಳಗೊಂದು ರೊಟ್ಟಿಯ ಚೂರು ಇಟ್ಟೆ. ಅಷ್ಟನ್ನು ನಾನು ನೋಡಿದ್ದೆ. ಇನ್ನೇನು ಇಟ್ಟಿದ್ದೆಯೋ ನೋಡಿರಲಿಲ್ಲ.

ಹೋದ ಬೇಸಿಗೆಯಲ್ಲಿ ಭಾಗ್ಯಶ್ರೀ ಆ ಕೌದಿ ಒಗೆಯುತ್ತಿದ್ದಳು. ಗಾರ್ಮೆಂಟ್ಸ್ ಕೆಲಸಕ್ಕೆಂದು ನೀನೇ ನನ್ನ ಮನೆಗೆ ಕಳಿಸಿದ ಹುಡುಗಿ, ಬಟ್ಟೆ ಕುಕ್ಕುವುದರಲ್ಲಿ ನಿನ್ನದೇ ಕೈ. ಮೂಲೆ ಹರಿಯಿತು. "ಚಿಗವ್ವಾ, ಕೌದಿಯೊಳಗ ಯಾರೋ ಅದಾರ" ಎಂದು ನಕ್ಕಳು. ಸೀರೆಯ ತುಂಡುಗಳೆಲ್ಲ ಜಾಳಾಗಿದ್ದವು. ನನ್ನ ಅಂಗಿ ಮಾತ್ರ ಮೈತುಂಬ ನಿನ್ನ ಸೂಜಿಯ ತೂತು ಹೊತ್ತು ಇಡಿಯಾಗಿತ್ತು. ರೊಟ್ಟಿ ತಿಂದ ಕೌದಿಗೆ ಅದೊಂದು ಅರಗಿರಲಿಲ್ಲ.

ಇದೇನೆಂದು ಕೇಳಿದಳು. ಹೇಳಿದೆ. "ನನಗೂ ಕಲಿಸು" ಅಂದಳು.

ಮನೆ ಮಾಲೀಕ ಹನುಮಂತರಾಯಪ್ಪನವರ ಖಾಲಿ ಕೊಟ್ಟಿಗೆ ಕೇಳಿ ಪಡೆದೆ. ವಠಾರದ ನಮ್ಮ ಕಡೆಯ ಹೆಂಗಸರು ತಮ್ಮ ತಮ್ಮ ಕೌದಿ ತಂದರು. ಕೆಳಗೆ ಗಾರ್ಮೆಂಟ್ಸಿನ ಚಿಂದಿ, ಮೇಲೆ ಕೌದಿ, ಅದರ ಮೇಲೆ ಬಿಗಿದು ಕಟ್ಟಿದ ಟಾರ್ಪಾಲು. ಮೊದಲು ಬೀಳುವುದನ್ನು ಕಲಿಸಿದೆ. ಗದ್ದ ಎದೆಗೆ, ಅಂಗೈ ನೆಲಕ್ಕೆ. ನನ್ನ ಸೊಂಟವೇ ಎಲ್ಲರಿಗಿಂತ ಮುಂಚೆ ಕಿರುಗುಟ್ಟಿತು, ಆದರೂ ಬಿಡಲಿಲ್ಲ.

ಮಾಲೀಕರು ಇಣುಕಿ, "ಎಮ್ಮೆ ಕಟ್ಟಿದ್ದಾಗ್ಲೂ ಇಷ್ಟು ಸದ್ದು ಇರ್ಲಿಲ್ಲ ಕಣಮ್ಮ" ಅಂದರು. "ಎಮ್ಮಿ ಬಿದ್ದರ ಏಳ್ತಿದ್ದಿಲ್ಲ ಸಾರ್, ನಾವು ಏಳ್ತೀವಿ" ಅಂದೆ. ಮರುವಾರ ತಮ್ಮ ಸೊಸೆ ಶ್ಯಾಮಲಾಳನ್ನೂ ಕಳಿಸಿದರು.

"ಬಿದ್ದು ಕೈಕಾಲು ಮುರಕೊಂಡರ ಯಾರು ಮಾಡ್ಕೋತಾರ?" ಎಂದು ನಿನ್ನ ಚಿಂತೆ. ಅಕ್ಕ, ನೀನು ಜೀವನದಲ್ಲಿ ಬಿದ್ದದ್ದು ಕಡಿಮೆಯೆ? ನಿನಗೆ ಬೀಳುವುದನ್ನು ಯಾರೂ ಕಲಿಸಲಿಲ್ಲ. ಕಲಿತಿದ್ದ ನನಗೆ ಮರೆಸಿದಿರಿ. ಭಾಗ್ಯಶ್ರೀಗೆ ಇವೆರಡೂ ಆಗಲು ನಾನು ಬಿಡುವುದಿಲ್ಲ. ಇದು ನನ್ನೊಬ್ಬಳ ಹಟವಲ್ಲ. ಕಾಗದ ಬರೆಯುವಾಗ ಪಕ್ಕದಲ್ಲೇ ಕೂತು ಹೇಳುತ್ತಿದ್ದಾಳೆ: "ಅವ್ವಗ ಬರಿ, ಗಂಡಿನವರು ನೋಡೂದಿದ್ದರ ಇಲ್ಲೇ ಬರಲಿ. ನಾ ಎತ್ತಿ ಒಗಿಯೂದನ್ನ ನೋಡಿ ಒಪ್ಪಲಿ."

ಸಿಟ್ಟು ಬಂದರೆ ನೀನೇ ಬಾ, ಎದುರಿಗೇ ಬೈ. ಬರುವಾಗ ದಪ್ಪ ಸೂಜಿ, ದಾರ ತಾ. ಬಿದ್ದು ಬಿದ್ದು ನಿನ್ನ ಕೌದಿಯ ಇನ್ನೊಂದು ಮೂಲೆಯೂ ಬಾಯಿಬಿಟ್ಟಿದೆ. ಹೊಲಿದುಕೊಡು, ಒಳಗೆ ರೊಟ್ಟಿ ಇಡು. ಅಂಗಿ ಮಾತ್ರ ಕೇಳಬೇಡ. ಭಾನುವಾರ ಅದು ನಿನ್ನ ಮಗಳ ಮೈಮೇಲಿರುತ್ತದೆ.

ನಿನ್ನ ಹೊಟ್ಟೆ ತಣ್ಣಗಿರಲಿ.

ಈ ಸಲ ನಿನ್ನ ಮಾತು ಕೇಳದ ತಂಗಿ,
ನೀಲಾಂಬಿಕಾ