ಅತ್ತಿಗೆ ಹೇಳಿದ ಒಂದು ಲೋಟ ನೀರು

ಅತ್ತಿಗೆ, ಬಂದು ತಲುಪಿದೆ. ನೆಗಡಿ ಬಿಟ್ಟರೆ ಎಲ್ಲ ಸರಿ. ಬೇಡವೆಂದರೂ ನೀವು ಬ್ಯಾಗಿಗೆ ತುರುಕಿದ ಮಫ್ಲರ್ ಕುತ್ತಿಗೆಯಿಂದ ಇಳಿದಿಲ್ಲ.

ಇದು ವಿಜ್ಞಾನಿಗಳಿಗೆ ಸಾಫ್ಟ್‌ವೇರ್ ಬರೆಯುವವರೂ ಅದನ್ನು ಬಳಸುವವರೂ ಸೇರುವ ಸಮ್ಮೇಳನ. ಇಲ್ಲೊಂದು ವಿಚಿತ್ರ ಪದ್ಧತಿ ಇದೆ. ಬಳಸುವವರು ಕಂಪ್ಯೂಟರಿನ ಮುಂದೆ ಕೂತು ಒದ್ದಾಡುತ್ತಾರೆ. ಬರೆದ ನಾವು ಹಿಂದೆ ಕೂತು ಬಾಯಿ ಮುಚ್ಚಿಕೊಂಡು ನೋಡಬೇಕು. ತುಟಿ ಬಿಚ್ಚಿದವರು ಎಲ್ಲರ ಕಾಫಿ ಲೋಟ ತೊಳೆಯಬೇಕು. ನನ್ನ ಬಾಯಿ ನಿಮಗೆ ಗೊತ್ತೇ ಇದೆ.

ನನ್ನ ಮುಂದಿದ್ದವರು ಮೀನಿನ ಕಿವಿಯೊಳಗಿನ ಪುಟ್ಟ ಕಲ್ಲಿನ ಗೆರೆ ಎಣಿಸಿ ಅದರ ವಯಸ್ಸು ಹೇಳುವ ವಿಜ್ಞಾನಿ. ಲೆಕ್ಕ ನಡುವೆಯೇ ನಿಂತುಬಿಟ್ಟಿತು. ಪರದೆಯ ಮೇಲೆ ನಾನು ಹಾಕಿದ್ದ ಸಾಲು ಬಂತು: “ಗಾಬರಿ ಬೇಡ, ಏನೂ ಆಗಿಲ್ಲ. ಒಂದು ಲೋಟ ನೀರು ಕುಡೀರಿ.” ಆಕೆ ನಿಜವಾಗಿಯೂ ಎದ್ದು ಹೋಗಿ ನೀರು ಕುಡಿದು ಬಂದರು.

“ನಮ್ಮ ಲ್ಯಾಬಲ್ಲಿ ಎಲ್ಲರೂ ಹೀಗೇ ಮಾಡೋದು. ಇದನ್ನ ಬರೆದೋರ ಹೊಟ್ಟೆ ತಣ್ಣಗಿರಲಿ.”

ನನಗೆ ತಡೆಯಲಾಗಲಿಲ್ಲ. “ಅದು ನಮ್ಮ ಅತ್ತಿಗೆ ಮಾತು,” ಎಂದುಬಿಟ್ಟೆ.

ಲೋಟ ತೊಳೆಯುತ್ತಿದ್ದಾಗ ಆಕೆಯೇ ಬಟ್ಟೆ ಹಿಡಿದು ಒರೆಸಲು ಬಂದರು. “ನಿಮ್ಮತ್ತಿಗೆ ಯಾವ ಕಂಪನೀಲಿ ಇಂಜಿನಿಯರು?”

“ಇಂಜಿನಿಯರಲ್ಲ, ನರ್ಸು. ಇಂಜೆಕ್ಷನ್ ಚುಚ್ಚಿಸ್ಕೊಂಡು ತಲೆ ತಿರುಗಿದೋರಿಗೆ ಹೀಗೆ ಹೇಳ್ತಾರೆ.”

“ಅದಕ್ಕೇ ಮತ್ತೆ,” ಎಂದು ಇನ್ನೊಂದು ಲೋಟ ತೆಗೆದುಕೊಂಡರು.

ಆ ಹಾರೈಕೆ ನಿಮಗೆ ಸೇರಬೇಕಾದದ್ದು, ತಲುಪಿಸಿದ್ದೇನೆ. ಅಣ್ಣನಿಗೆ ಬರೆಯಲು ಜಾಗ ಉಳಿದಿಲ್ಲ, ನೀವೇ ಹೇಳಿಬಿಡಿ.

ನಿಮ್ಮ ನಾದಿನಿ